ಚಿತ್ರಗಾರನಾದ ರೆಂಬ್ರಾಂಟನ ಚರಿತ್ರೆ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆ ಸೀಮೆಗಳ ನಮ್ಮ ಸಭೆಯವರ ಮನೆಗಳಲ್ಲಿ ಸತ್ಯವೇದದ ಯಾವದಾದರೊಂದು ಚಿತ್ರವು ಗೋಡೆಯ ಮೇಲೆ ತೂಗುವದನ್ನು ಕಾಣುವದು ಅಪರೂಪವಲ್ಲ. ಒಳ್ಳೇ ಕುರುಬನು ಕುರಿಮರಿಯನ್ನು ಹೆಗಲ ಮೇಲೆ ಹೊತ್ತಿರುವ ಚಿತ್ರವೋ, ಕಡೇ ಭೋಜನದ ಚಿತ್ರವೋ ಇರುತ್ತದೆ. ಅದನ್ನು ಕುರಿತು ಎರಡು ತರದ ನಡತೆಯನ್ನು ನಾವು ಕಾಣುತ್ತೇವೆ. ವಿಗ್ರಹಗಳನ್ನು ಬಿಟ್ಟು ಬಂದವರ ಗೋಡೆಯಲ್ಲಿ ಚಿತ್ರವೇಕೆ, ಇದೂ ಒಂದು ವಿಗ್ರಹವಾಗದೋ ಎಂದು ಕೆಲವರು ಸಂಶಯಪಡುತ್ತಾರೆ. ಬೇರೆ ಕೆಲವರು ಅದೇ ಚಿತ್ರಕ್ಕೆ ಹೂವಿನ ಮಾಲೆಯನ್ನು ಹಾಕಿ, ಅದರ ಮುಂದೆ ದೀಪವನ್ನು ಹಚ್ಚಿ, ಆ ಸಂಶಯವನ್ನು ನಿಜಮಾಡಿ ಬಿಡುತ್ತಾರೆ. ಈ ಪ್ರಶ್ನೆಯು ಹೊಸದಲ್ಲ. ಸುಮಾರು ನಾನೂರು ವರ್ಷಗಳ ಕೆಳಗೆ ಹಾಲೆಂಡ್ ದೇಶದ ಜನರು ಇದೇ ಪ್ರಶ್ನೆಯ ನಡುವೆ ಬಾಳಿದರು. ಅವರಲ್ಲೊಬ್ಬನು ತಾಮ್ರದ ತಗಡುಗಳಲ್ಲಿ ಸತ್ಯವೇದದ ಸಂಗತಿಗಳನ್ನು ಗೀರಿ ಅಚ್ಚುಹಾಕಿ, ಚಿತ್ರವು ಪೂಜೆಗೆ ಗುರಿಯಾಗದೆ ಬೋಧಿಸುವದು ಹೇಗೆಂಬದನ್ನು ತನ್ನ ಕೆಲಸದಿಂದಲೇ ತೋರಿಸಿದನು. ಅವನ ಹೆಸರು ರೆಂಬ್ರಾಂಟ್. ಅವನ ಚರಿತ್ರೆಯನ್ನು ಈ ಸಾರಿ ಸಂಕ್ಷೇಪವಾಗಿ ಹೇಳೋಣ.

ಬೆಳ್ತಂಗಡಿ ಸೀಮೆಯ ವೇಣೂರಿನಲ್ಲಿ ಅಜಿಲ ವಂಶದ ತಿಮ್ಮಣ್ಣ ಅರಸನು ಗೊಮ್ಮಟನ ಮೂರ್ತಿಯನ್ನು ನಿಲ್ಲಿಸಿದ್ದು ೧೬೦೪ರಲ್ಲಿ. ಅದಾಗಿ ಎರಡು ವರ್ಷಗಳ ತರುವಾಯ, ೧೬೦೬ನೇ ಜುಲೈ ೧೫ರಂದು, ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ರೆಂಬ್ರಾಂಟ್ ಹುಟ್ಟಿದನು. ತಂದೆಯಾದ ಹಾರ್ಮೆನನು ಗಿರಣಿಯವನು. ಗಾಳಿಯಿಂದ ತಿರುಗುವ ಗಿರಣಿಯಲ್ಲಿ ಧಾನ್ಯವನ್ನು ಬೀಸುವದು ಅವನ ಕಸಬು. ತಾಯಿಯು ರೊಟ್ಟಿ ಸುಡುವವನ ಮಗಳು. ಹೀಗೆ ಅವನು ಹುಟ್ಟಿದ್ದು ದೊಡ್ಡ ಮನೆತನದಲ್ಲಿ ಅಲ್ಲ, ದುಡಿದು ಉಣ್ಣುವವರ ಮನೆಯಲ್ಲಿ.

ಆ ಕಾಲದ ಹಾಲೆಂಡಿನ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಆ ದೇಶವು ಸ್ಪೇನಿನ ಅರಸನ ಆಳಿಕೆಯನ್ನು ಎದುರಿಸಿ ಬಹುಕಾಲ ಯುದ್ಧಮಾಡುತ್ತಿತ್ತು. ೧೫೬೬ರಲ್ಲಿ ಜನರು ಗುಂಪುಗುಂಪಾಗಿ ದೇವಾಲಯಗಳಿಗೆ ನುಗ್ಗಿ, ಅಲ್ಲಿದ್ದ ಮೂರ್ತಿಗಳನ್ನೂ ಚಿತ್ರಗಳನ್ನೂ ಒಡೆದುಹಾಕಿದ್ದರು. ತರುವಾಯ ಕಲ್ವಿನನ ಬೋಧನೆಯನ್ನು ಅನುಸರಿಸುವ ಸಭೆಯು ಅಲ್ಲಿ ನೆಲೆಗೊಂಡಿತು. ದೇವಾಲಯಗಳ ಗೋಡೆಗಳಿಗೆ ಸುಣ್ಣ ಬಳಿಯಲ್ಪಟ್ಟಿತು. ಪ್ರಸಂಗಪೀಠವೂ ಸತ್ಯವೇದವೂ ನಡುವೆ ನಿಂತವು. ದೇವರ ರೂಪವನ್ನು ಯಾರೂ ಬರೆಯಬಾರದೆಂದೂ, ಆರಾಧನೆಯ ಸ್ಥಳದಲ್ಲಿ ಚಿತ್ರಗಳು ಬೇಡವೆಂದೂ ಕಲ್ವಿನನು ಬೋಧಿಸಿದ್ದನು. ಆದರೂ ನಡೆದ ಸಂಗತಿಗಳ ಚಿತ್ರವು ಕಲಿಸುವದಕ್ಕೆ ಪ್ರಯೋಜನವಾದೀತೆಂದು ಅವನೇ ಒಪ್ಪಿದ್ದನು. ಲೂಥರನಂತೂ ಜನರಿಗೆ ಕಲಿಸುವದಕ್ಕೆ ಚಿತ್ರಗಳು ಇರಲಿ ಎನ್ನುತ್ತಿದ್ದನು. ಆದಕಾರಣ ದೇವಾಲಯದಿಂದ ಹೊರಗೆ ಹೋದ ಚಿತ್ರವು ಮನೆಯೊಳಗೆ ಬಂತು. ಬಲಿಪೀಠದ ಮೇಲೆ ದೊಡ್ಡದಾಗಿ ನಿಲ್ಲುವದಕ್ಕೆ ಬದಲಾಗಿ ಕೈಯಲ್ಲಿ ಹಿಡಿದು ನೋಡುವ ಕಾಗದದ ಹಾಳೆಯಾಗಿ ಬಂತು.

ಬಾಲಕನಾದ ರೆಂಬ್ರಾಂಟನು ಲೈಡನಿನ ಲತೀನ್ ಶಾಲೆಯಲ್ಲಿ ಕಲಿತನು. ೧೬೨೦ರಲ್ಲಿ ಅವನ ಹೆಸರು ಆ ಪಟ್ಟಣದ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಸೇರಿತು. ಆದರೆ ಅವನ ಮನಸ್ಸು ಪುಸ್ತಕಕ್ಕಿಂತ ಚಿತ್ರದ ಕಡೆಗೆ ಎಳೆಯುತ್ತಿತ್ತು. ತಂದೆತಾಯಿಗಳು ಅವನನ್ನು ಆ ಪಟ್ಟಣದ ಒಬ್ಬ ಚಿತ್ರಗಾರನ ಬಳಿಯಲ್ಲಿ ಸುಮಾರು ಮೂರು ವರ್ಷ ಬಿಟ್ಟರು. ಆ ಮೇಲೆ ಅವನು ಆಮ್‌ಸ್ಟರ್‌ಡಾಮಿಗೆ ಹೋಗಿ, ಸತ್ಯವೇದದ ಕಥೆಗಳನ್ನು ಬರೆಯುವದರಲ್ಲಿ ಹೆಸರುಗೊಂಡ ಪೀಟರ್ ಲಾಸ್ಟ್‌ಮನ್ ಎಂಬವನ ಹತ್ತಿರ ಆರು ತಿಂಗಳು ಕಲಿತನು. ತರುವಾಯ ಊರಿಗೆ ತಿರಿಗಿ ಬಂದು, ಯಾನ್ ಲೀವನ್ಸ್ ಎಂಬ ಗೆಳೆಯನ ಸಂಗಡ ಕೆಲಸಕ್ಕೆ ತೊಡಗಿದನು. ತಾಮ್ರದಚ್ಚಿನ ಚಿತ್ರವನ್ನು ಮಾಡುವದಕ್ಕೆ ಅವನು ಇಲ್ಲಿಯೇ ಪ್ರಾರಂಭಿಸಿದನು.

ಈ ಅಚ್ಚಿನ ಕೆಲಸವು ಹೇಗೆಂಬದನ್ನು ಹೇಳುವೆವು. ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು ೧೮೪೧ರಲ್ಲಿ ಕಲ್ಲಚ್ಚಿನ ಯಂತ್ರವನ್ನು ತಂದರೆಂಬದನ್ನು ನಮ್ಮವರು ಬಲ್ಲರು. ಕಲ್ಲಚ್ಚಿನಲ್ಲಿ ಸಮವಾದ ಕಲ್ಲಿನ ಮೇಲೆ ಬರೆಯುತ್ತಾರೆ. ತಾಮ್ರದಚ್ಚಿನಲ್ಲಿಯಾದರೋ ಗೆರೆಯು ಲೋಹದೊಳಗೆ ತಗ್ಗಾಗಿ ಇಳಿಯುತ್ತದೆ. ಉಜ್ಜಿ ನುಣುಪುಮಾಡಿದ ತಾಮ್ರದ ತಗಡಿಗೆ ಮೇಣವೂ ರಾಳವೂ ಕೂಡಿದ ತೆಳ್ಳಗಿನ ಲೇಪವನ್ನು ಹಚ್ಚುತ್ತಾರೆ. ಆ ಲೇಪದ ಮೇಲೆ ಚಿತ್ರಗಾರನು ಸೂಜಿಯಿಂದ ಬರೆಯುತ್ತಾನೆ. ಸೂಜಿ ಹೋದಲ್ಲೆಲ್ಲಾ ತಾಮ್ರವು ಬೈಲಾಗುತ್ತದೆ. ಆಗ ತಗಡನ್ನು ತೀಕ್ಷ್ಣವಾದ ದ್ರಾವಕದಲ್ಲಿ ಇಡಲಾಗಿ, ದ್ರಾವಕವು ಬೈಲಾದ ಗೆರೆಗಳನ್ನು ಮಾತ್ರ ತಿನ್ನುತ್ತದೆ. ಲೇಪವನ್ನು ತೆಗೆದು, ಮಸಿ ತುಂಬಿ, ಮೇಲಿನ ಮಸಿಯನ್ನು ಒರಸಿಬಿಟ್ಟರೆ ಗೆರೆಗಳೊಳಗಿನ ಮಸಿ ಮಾತ್ರ ಉಳಿಯುವದು. ನೆನೆಸಿದ ಕಾಗದವನ್ನು ಅದರ ಮೇಲಿಟ್ಟು ಎರಡು ಉರುಳೆಗಳ ನಡುವೆ ಬಲವಾಗಿ ಒತ್ತಿದರೆ ಚಿತ್ರವು ಕಾಗದಕ್ಕೆ ಬರುತ್ತದೆ. ದ್ರಾವಕವಿಲ್ಲದೆ ಬರೀ ಸೂಜಿಯಿಂದಲೇ ತಾಮ್ರವನ್ನು ಗೀರುವ ಕ್ರಮವೂ ಉಂಟು. ಆಗ ಗೆರೆಯ ಅಂಚಿನಲ್ಲಿ ತಾಮ್ರದ ಸಣ್ಣ ಸಿಬಿರು ಎದ್ದು, ಮಸಿಯನ್ನು ಹಿಡಿದುಕೊಂಡು, ಮಖಮಲ್ಲಿನಂಥ ಕಪ್ಪನ್ನು ಕೊಡುತ್ತದೆ. ಆದರೆ ಕೆಲವೇ ಪ್ರತಿಗಳಲ್ಲಿ ಆ ಸಿಬಿರು ಸವೆದುಹೋಗುತ್ತದೆ.

ಒಂದು ತಗಡಿನಿಂದ ಅನೇಕ ಪ್ರತಿಗಳು ಬರುವದರಿಂದ ಇಂಥ ಚಿತ್ರಗಳು ಎಣ್ಣೆಬಣ್ಣದ ಚಿತ್ರಗಳಿಗಿಂತ ಬಹಳ ಕಡಿಮೆ ಕ್ರಯಕ್ಕೆ ಸಿಕ್ಕಿದವು. ಬಾಸೆಲ್ ಪಟ್ಟಣದಲ್ಲಿ ೧೫೯೩ರಲ್ಲಿ ಹುಟ್ಟಿದ ಮತ್ತೇಯಸ್ ಮೇರಿಯನ್ ಎಂಬವನು ಸತ್ಯವೇದದ ಕಥೆಗಳನ್ನು ತಾಮ್ರದಲ್ಲಿ ಕೊರೆದನು. ಆ ಚಿತ್ರಗಳು ೧೬೩೦ರಲ್ಲಿ ಅಚ್ಚಾದ ಲೂಥರನ ಸತ್ಯವೇದದಲ್ಲಿ ಸೇರಿ ಅನೇಕ ಮನೆಗಳನ್ನು ಮುಟ್ಟಿದವು. ಓದಲು ಬಾರದವನು ಚಿತ್ರವನ್ನು ನೋಡಿ ಕಥೆಯನ್ನು ನೆನಸಿಕೊಂಡನು. ಓದುವವನು ನೋಡಿ ಮತ್ತೊಮ್ಮೆ ಓದಿದನು.

ಆ ಕಾಲದ ಅಚ್ಚುಚಿತ್ರಗಳಲ್ಲಿ ಸಂಕೇತಗಳು ತುಂಬಿದ್ದವು. ಸಂಕೇತವೆಂದರೇನೆಂದು ಮೂಡಬಿದಿರೆಯವರಿಗೆ ಬಹಳ ಹೇಳಬೇಕಾಗಿಲ್ಲ. ಜೈನರಲ್ಲಿ ಒಬ್ಬೊಬ್ಬ ತೀರ್ಥಂಕರನಿಗೆ ಒಂದೊಂದು ಲಾಂಛನವುಂಟು: ವೃಷಭನಾಥನಿಗೆ ಎತ್ತು, ಪಾರ್ಶ್ವನಾಥನಿಗೆ ಸರ್ಪ, ಮಹಾವೀರನಿಗೆ ಸಿಂಹ, ಸಾವಿರ ಕಂಬದ ಬಸದಿಯ ಚಂದ್ರನಾಥನಿಗೆ ಅರ್ಧಚಂದ್ರ. ಲಾಂಛನವನ್ನು ಬಲ್ಲವನು ಮೂರ್ತಿಯ ಹೆಸರನ್ನು ಬಲ್ಲನು. ಅದೇ ಮೇರೆಗೆ ಯೂರೋಪಿನ ಚಿತ್ರಗಳಲ್ಲಿ ತಲೆಬುರುಡೆಯು ಮರಣಕ್ಕೂ, ಮರಳಿನ ಗಡಿಯಾರವು ಕಳೆದುಹೋಗುವ ಆಯುಸ್ಸಿಗೂ, ಲಂಗರು ನಿರೀಕ್ಷೆಗೂ, ಕುರಿಮರಿಯು ಕ್ರಿಸ್ತನಿಗೂ ಗುರುತಾಗಿದ್ದವು. ಇಂಥ ಗುರುತುಗಳನ್ನು ವಿವರಿಸುವ ಪುಸ್ತಕಗಳೇ ಅಚ್ಚಾಗುತ್ತಿದ್ದವು. ಆದರೆ ಬೀಗದ ಕೈ ಇಲ್ಲದವನಿಗೆ ಪೆಟ್ಟಿಗೆಯು ಮುಚ್ಚಿಯೇ ಇರುವದು. ಸಂಕೇತವು ಪಂಡಿತರ ಸೊತ್ತಾದರೆ ಬಡವನಿಗೆ ಏನು ಲಾಭ?

ರೆಂಬ್ರಾಂಟನು ಈ ಗುರುತುಗಳನ್ನೆಲ್ಲಾ ಬಲ್ಲವನಾಗಿದ್ದನು. ೧೬೩೮ರಲ್ಲಿ ಅವನು ಆದಾಮನನ್ನೂ ಹವ್ವಳನ್ನೂ ತಾಮ್ರದಲ್ಲಿ ಬರೆದನು. ಮರದ ಮೇಲೆ ರೆಕ್ಕೆಯುಳ್ಳ ಘಟಸರ್ಪವು ಹತ್ತಿ ಕುಳಿತಿದೆ. ಹಿಂದೆ ಬಿಸಿಲು ತುಂಬಿದ ತಗ್ಗಿನಲ್ಲಿ ಒಂದು ಆನೆಯು ನಡೆಯುತ್ತದೆ. ಆನೆಯು ಸರ್ಪಕ್ಕೆ ವೈರಿಯೆಂದೂ, ಶುದ್ಧವಾದ ನಡತೆಗೆ ಗುರುತೆಂದೂ ಯೂರೋಪಿನ ಹಳೇ ಪುಸ್ತಕಗಳು ಹೇಳುತ್ತಿದ್ದವು. ಆ ಆನೆಯಾದರೋ ಬರೀ ಪುಸ್ತಕದ ಆನೆಯಲ್ಲ. ಸಿಂಹಳದಿಂದ ೧೬೩೩ರಲ್ಲಿ ಹಡಗಿನ ಮೇಲೆ ಹಾಲೆಂಡಿಗೆ ಬಂದ ಹಾನ್ಸ್‌ಕೆನ್ ಎಂಬ ಹೆಣ್ಣಾನೆಯನ್ನು ರೆಂಬ್ರಾಂಟನು ಕಣ್ಣಾರೆ ಕಂಡು ೧೬೩೭ರಲ್ಲಿ ಅದರ ಚಿತ್ರವನ್ನು ಬರೆದಿದ್ದನು. ಅವನ ಆದಾಮನೂ ಹವ್ವಳೂ ಸುಂದರವಾದ ಶಿಲೆಯಂತಿಲ್ಲ. ನಮ್ಮಂಥ ಸಾಧಾರಣ ದೇಹವುಳ್ಳ ಗಂಡಹೆಂಡಿರು, ಹಣ್ಣನ್ನು ಹಿಡಿದುಕೊಂಡು ಅನುಮಾನಿಸುತ್ತಾ ನಿಂತಿದ್ದಾರೆ. ಕಂಡದ್ದನ್ನು ಕಂಡ ಹಾಗೆ ಬರೆಯುವ ಈ ಸ್ವಭಾವವು ಅವನನ್ನು ಕಡೇ ವರೆಗೆ ಬಿಡಲಿಲ್ಲ.

ಇಷ್ಟರಲ್ಲಿ ಅವನು ಆಮ್‌ಸ್ಟರ್‌ಡಾಮಿನಲ್ಲಿ ನೆಲೆಗೊಂಡಿದ್ದನು. ಸುಮಾರು ೧೬೩೧ರಲ್ಲಿ ಅಲ್ಲಿಗೆ ಹೋದವನು ಶೀಘ್ರವಾಗಿ ಹೆಸರುಪಡೆದು ಹಣವಂತನಾದನು. ೧೬೩೪ರಲ್ಲಿ ಸಾಸ್ಕಿಯ ಎಂಬ ಕುಲೀನ ಸ್ತ್ರೀಯನ್ನು ಮದುವೆಯಾದನು. ಆ ಏಳಿಗೆಯ ದಿನಗಳ ಎರಡು ತಾಮ್ರದಚ್ಚುಗಳನ್ನು ಇಲ್ಲಿ ಹೇಳಬೇಕು. ೧೬೩೩ರಲ್ಲಿ ಮಾಡಿದ ಒಳ್ಳೇ ಸಮಾರ್ಯದವನ ಚಿತ್ರದಲ್ಲಿ, ಗಾಯಗೊಂಡವನನ್ನು ಛತ್ರದ ಬಾಗಲಲ್ಲಿ ಕುದುರೆಯಿಂದ ಇಳಿಸುತ್ತಾರೆ; ಸಮಾರ್ಯದವನು ಮೆಟ್ಟಲ ಮೇಲೆ ಛತ್ರದವನ ಸಂಗಡ ಮಾತಾಡುತ್ತಾನೆ; ಒಬ್ಬಳು ಬಾವಿಯಿಂದ ನೀರು ಸೇದುತ್ತಾಳೆ; ಎಲ್ಲರ ಮುಂದೆ ಒಂದು ನಾಯಿಯು ನಾಚಿಕೆಯಿಲ್ಲದೆ ತನ್ನ ದೇಹಬಾಧೆಯನ್ನು ತೀರಿಸಿಕೊಳ್ಳುತ್ತದೆ. ನಾಯಿಯನ್ನು ಕಂಡು ಅಸಹ್ಯಪಟ್ಟವರುಂಟು. ಆದರೆ ದಯೆಯ ಕಾರ್ಯವು ನಡೆಯುವದು ಇಂಥ ಸಾಧಾರಣ ಅಂಗಳದಲ್ಲಿಯೇ ಅಲ್ಲವೇ? ೧೬೩೬ರಲ್ಲಿ ಮಾಡಿದ ತಪ್ಪಿಹೋದ ಮಗನ ಚಿತ್ರದಲ್ಲಿ ಎಲುಬು ಕಾಣುವಷ್ಟು ಬಡಕಲಾದ ಮಗನು ಮೆಟ್ಟಲ ಮೇಲೆ ಮೊಣಕಾಲೂರಿದ್ದಾನೆ, ತಂದೆಯು ಬೊಗ್ಗಿ ಅವನನ್ನು ಹಿಡಿದಿದ್ದಾನೆ. ಆಳುಗಳು ಉಡುಪನ್ನು ತರುತ್ತಾರೆ. ಮೇಲಿನ ಕಿಟಕಿಯ ಬಾಗಲು ತೆರೆಯುತ್ತದೆ. ಇದನ್ನು ತಿಳಿಯುವದಕ್ಕೆ ಬೀಗದ ಕೈ ಬೇಕಾಗಿಲ್ಲ. ತೆರೆದ ಬಾಗಲೂ ಬೊಗ್ಗಿದ ಬೆನ್ನೂ ಇಲ್ಲಿ ಸಂಕೇತಗಳು. ಮಕ್ಕಳಿದ್ದವರೆಲ್ಲರೂ ಅವನ್ನು ಓದಬಲ್ಲರು.

೧೬೩೯ರಲ್ಲಿ ರೆಂಬ್ರಾಂಟನು ೧೩,೦೦೦ ಗಿಲ್ಡರ್ ನಾಣ್ಯಗಳ ಕ್ರಯಕ್ಕೆ ಒಂದು ದೊಡ್ಡ ಮನೆಯನ್ನು ಕೊಂಡನು. ಹಣವನ್ನು ಪೂರಾ ಸಲ್ಲಿಸುವ ಶಕ್ತಿ ಅವನಿಗಿರಲಿಲ್ಲ. ಸಾಲವು ಮನೆಯೊಂದಿಗೆ ಒಳಗೆ ಬಂತು. ಇದಲ್ಲದೆ ಚಿತ್ರಗಳು, ಆಯುಧಗಳು, ಶಂಖಗಳು, ದೂರದೇಶದ ವಸ್ತುಗಳು ಮುಂತಾದವುಗಳನ್ನು ಕೊಂಡು ಕೂಡಿಸುವ ಚಪಲವೂ ಅವನಿಗಿತ್ತು. ಮನೆಯೊಳಗೆ ದುಃಖವೂ ಬಂತು. ಮೊದಲಿನ ಮೂವರು ಮಕ್ಕಳು ಕೂಸುಗಳಾಗಿರುವಾಗಲೇ ತೀರಿಹೋದವು. ೧೬೪೧ರಲ್ಲಿ ಹುಟ್ಟಿದ ತೀತನೆಂಬ ಮಗನೊಬ್ಬನೇ ಬದುಕಿದನು. ಮಾರನೇ ವರುಷ ಜೂನ್ ೧೪ರಂದು ಸಾಸ್ಕಿಯಳು ತೀರಿಕೊಂಡಳು. ತಾಯಿಯಿಲ್ಲದ, ಒಂದು ವರುಷವೂ ತುಂಬದ ಕೂಸು ಅವನ ಕೈಯಲ್ಲುಳಿಯಿತು.

ಈ ದುಃಖದ ತರುವಾಯ ಅವನ ಅಚ್ಚುಚಿತ್ರಗಳಲ್ಲಿ ಗದ್ದಲವು ಕಡಿಮೆಯಾಗಿ ಆಳವು ಹೆಚ್ಚಿತು. ಸುಮಾರು ೧೬೪೮ರಲ್ಲಿ ಅವನು ಮುಗಿಸಿದ ಒಂದು ಚಿತ್ರವು ನೂರು ಗಿಲ್ಡರಿನ ಚಿತ್ರವೆಂದು ಹೆಸರಾಗಿದೆ. ಒಂದು ಪ್ರತಿಗೆ ಅಷ್ಟು ಕ್ರಯ ಬಂತೆಂಬ ಮಾತಿನಿಂದ ಆ ಹೆಸರು ಹುಟ್ಟಿತು. ಅದರಲ್ಲಿ ಮತ್ತಾಯನ ಸುವಾರ್ತೆಯ ೧೯ನೇ ಅಧ್ಯಾಯವು ಒಂದೇ ಹಾಳೆಯಲ್ಲಿ ಕಾಣುವದು. ನಡುವೆ ಯೇಸು ನಿಂತಿದ್ದಾನೆ. ಬಲಗಡೆಯ ಕತ್ತಲೆಯಿಂದ ರೋಗಿಗಳು ಬರುತ್ತಾರೆ: ಒಬ್ಬನು ಕೈಗಾಡಿಯಲ್ಲಿ ಮಲಗಿದ್ದಾನೆ, ಒಬ್ಬಳು ಯೇಸುವಿನ ಪಾದದ ಬಳಿ ಚಾಪೆಯ ಮೇಲೆ ಒರಗಿದ್ದಾಳೆ. ಎಡಗಡೆಯಲ್ಲಿ ಫರಿಸಾಯರು ತಮ್ಮತಮ್ಮೊಳಗೆ ತರ್ಕಮಾಡುತ್ತಾರೆ. ಕೂಸನ್ನೆತ್ತಿಕೊಂಡು ಬರುವ ತಾಯಿಯನ್ನು ಶಿಷ್ಯನು ತಡೆಯುತ್ತಾನೆ. ಯೇಸುವಾದರೋ ಆಕೆಯ ಕಡೆಗೆ ಕೈ ಚಾಚುತ್ತಾನೆ. ಐಶ್ವರ್ಯವಂತನಾದ ಯೌವನಸ್ಥನು ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತಾ ಕುಳಿತಿದ್ದಾನೆ. ದೂರದ ಬಾಗಲ ಕಮಾನಿನೊಳಗೆ ಒಂದು ಒಂಟೆಯು ನಿಂತಿದೆ. ಆ ಅಧ್ಯಾಯವನ್ನು ಓದಿದವನು ಒಂಟೆಯು ಅಲ್ಲಿಗೆ ಯಾಕೆ ಬಂತೆಂಬದನ್ನು ಕೂಡಲೇ ತಿಳಿಯುವನು.

ಈ ಚಿತ್ರದ ಮುಖ್ಯ ಸಂಕೇತವು ಒಂಟೆಯಲ್ಲ, ಬೆಳಕು. ಫರಿಸಾಯರ ಮೇಲೆ ಬೆಳಕು ಧಾರಾಳವಾಗಿ ಬಿದ್ದಿದೆ, ಆದರೆ ಅವರು ಬರೀ ಗೆರೆಗಳಾಗಿ, ಹುರುಳಿಲ್ಲದವರಾಗಿ ಕಾಣುತ್ತಾರೆ. ರೋಗಿಗಳು ಕತ್ತಲೆಯಲ್ಲಿದ್ದಾರೆ, ಆದರೆ ಅವರ ಮುಖಗಳು ಯೇಸುವಿನಿಂದ ಹೊರಡುವ ಬೆಳಕಿಗೆ ತಿರುಗಿವೆ. ಇನ್ನೊಂದು ಸಣ್ಣ ಸಂಗತಿಯುಂಟು. ಮೊಣಕಾಲೂರಿದ ಒಬ್ಬ ಸ್ತ್ರೀಯು ಕೈಜೋಡಿಸಿ ಬೇಡುವಾಗ ಅವಳ ಕೈಗಳ ನೆರಳು ಯೇಸುವಿನ ನಿಲುವಂಗಿಯ ಮೇಲೆ ಬಿದ್ದಿದೆ. ಅವಳು ಅವನನ್ನು ಮುಟ್ಟಲಿಲ್ಲ, ಅವಳ ನೆರಳು ಮುಟ್ಟಿತು. ಪ್ರಾರ್ಥನೆಯು ಏನೆಂದು ಬೋಧಿಸುವದಕ್ಕೆ ನಾವು ಗಳಿಗೆಗಟ್ಟಲೆ ಮಾತಾಡುತ್ತೇವೆ; ಆ ಕೆಲಸಗಾರನು ಒಂದು ನೆರಳಿನಿಂದ ಹೇಳಿ ಮುಗಿಸಿದನು.

ಅವನ ನಡತೆಯಲ್ಲಿ ಕುಂದುಗಳಿದ್ದವು. ಅವುಗಳನ್ನು ಮುಚ್ಚಿಟ್ಟರೆ ಚರಿತ್ರೆಯು ಸತ್ಯವಾಗಲಾರದು. ತೀತನನ್ನು ಸಾಕಿದ ಗೇರ್ಚ್ಯೆ ಎಂಬ ವಿಧವೆಯು, ಇವನು ನನ್ನನ್ನು ಮದುವೆಯಾಗುವದಾಗಿ ಮಾತುಕೊಟ್ಟು ತಪ್ಪಿದನೆಂದು ೧೬೪೯ರಲ್ಲಿ ನ್ಯಾಯಸ್ಥಾನಕ್ಕೆ ಹೋದಳು. ಆಕೆಗೆ ವರುಷಕ್ಕೆ ೨೦೦ ಗಿಲ್ಡರ್ ಕೊಡಬೇಕೆಂದು ತೀರ್ಪಾಯಿತು. ಮಾರನೇ ವರುಷ ಆಕೆಯು ಗೌಡ ಎಂಬ ಪಟ್ಟಣದ ಶಿಕ್ಷೆಯ ಮನೆಯಲ್ಲಿ ಹಾಕಲ್ಪಟ್ಟಳು. ಅದರಲ್ಲಿ ರೆಂಬ್ರಾಂಟನ ಕೈಯಿತ್ತು. ೧೬೫೫ರ ವರೆಗೆ ಆಕೆಗೆ ಬಿಡುಗಡೆಯಾಗಲಿಲ್ಲ. ಇದು ಅವನ ಬಾಳಿನ ಕಪ್ಪು ಪುಟ. ತರುವಾಯ ಹೆಂಡ್ರಿಕ್ಯೆ ಎಂಬವಳು ಮದುವೆಯಿಲ್ಲದೆ ಅವನ ಮನೆಯಲ್ಲಿ ಬಾಳಿದಳು. ಅವನು ಪುನಃ ಮದುವೆಯಾದರೆ ಸಾಸ್ಕಿಯಳ ಮರಣಶಾಸನದ ಪ್ರಕಾರ ಆಸ್ತಿಯ ಅನುಭವವು ತಪ್ಪಿಹೋಗುವದಾಗಿತ್ತು. ೧೬೫೪ರಲ್ಲಿ ಸಭೆಯ ಹಿರಿಯರು ಹೆಂಡ್ರಿಕ್ಯೆಯನ್ನು ಕರೇಕಳುಹಿಸಿ ವಿಚಾರಿಸಿ, ಕರ್ತನ ಭೋಜನದಿಂದ ಆಕೆಯನ್ನು ದೂರವಿಟ್ಟರು. ಅದೇ ವರುಷ ಆಕೆಗೆ ಕೊರ್ನೇಲಿಯ ಎಂಬ ಮಗಳು ಹುಟ್ಟಿದಳು. ಶಿಕ್ಷೆಯ ಭಾರವು ಹೆಂಗಸಿನ ಮೇಲೆಯೇ ಬಿತ್ತೆಂಬದನ್ನು ಕಂಡು ನಾವೂ ನಮ್ಮ ಪಂಚಾಯಿತಿಗಳೂ ಯೋಚಿಸುವದು ಒಳ್ಳೇದು.

ಕೆಳದಿಯ ಶಿವಪ್ಪ ನಾಯಕನು ನಮ್ಮ ಕರಾವಳಿಯ ಪೋರ್ಚುಗೀಸರ ಕೋಟೆಗಳನ್ನು ಒಂದೊಂದಾಗಿ ಹಿಡಿಯುತ್ತಿದ್ದ ಆ ವರುಷಗಳಲ್ಲಿಯೇ, ಅಂದರೆ ೧೬೫೩ರಲ್ಲಿ, ರೆಂಬ್ರಾಂಟನು ಮೂರು ಶಿಲುಬೆಗಳೆಂಬ ದೊಡ್ಡ ಚಿತ್ರವನ್ನು ಬರೀ ಸೂಜಿಯಿಂದಲೂ ಉಳಿಯಿಂದಲೂ ತಾಮ್ರದಲ್ಲಿ ಗೀರಿದನು. ಮೇಲಿನಿಂದ ಬೆಳಕು ಕಂಬದಂತೆ ಇಳಿದು ಕ್ರಿಸ್ತನ ಶಿಲುಬೆಯನ್ನು ಸುತ್ತಿಕೊಳ್ಳುತ್ತದೆ. ಶತಾಧಿಪತಿಯು ಕುದುರೆಯಿಂದಿಳಿದು, ತೋಳುಗಳನ್ನು ಚಾಚಿ ಮೊಣಕಾಲೂರಿದ್ದಾನೆ. ಕೆಲವು ವರುಷಗಳ ತರುವಾಯ ಅವನು ಅದೇ ತಗಡನ್ನು ತಿರಿಗಿ ಕೈಗೆ ತಕ್ಕೊಂಡು, ಬಹಳಷ್ಟನ್ನು ಕೆರೆದುಹಾಕಿ, ಮೇಲಿನಿಂದ ಕೆಳಗೆ ಕಪ್ಪು ಗೆರೆಗಳನ್ನು ಎಳೆದನು. ಆಗ ಜನರ ಗುಂಪು ಅಡಗಿತು, ಒಬ್ಬ ಕಳ್ಳನು ಬಹುಮಟ್ಟಿಗೆ ಕತ್ತಲೆಯೊಳಗೆ ಹೋದನು, ಕ್ರಿಸ್ತನೊಬ್ಬನೇ ಉಳಿದನು. ಮಧ್ಯಾಹ್ನದಲ್ಲಿ ದೇಶದ ಮೇಲೆಲ್ಲಾ ಕವಿದ ಕತ್ತಲೆಯನ್ನು ಸುವಾರ್ತೆಯಲ್ಲಿ ನಾವು ಓದುತ್ತೇವಲ್ಲಾ. ಆ ಕತ್ತಲೆಯನ್ನು ಕಣ್ಣಿಗೆ ಕಾಣಿಸಿದವರು ಸ್ವಲ್ಪ ಮಂದಿ.

೧೬೫೫ರಲ್ಲಿ ಪಿಲಾತನು ಯೇಸುವನ್ನು ಜನರ ಮುಂದೆ ನಿಲ್ಲಿಸಿದ ಸಂಗತಿಯನ್ನು ಬರೆದನು. ಅರಮನೆಯ ಗೋಡೆಯಲ್ಲಿ ನ್ಯಾಯ, ಬಲ ಎಂಬ ಎರಡು ಗುಣಗಳು ಕಲ್ಲಿನ ಸ್ತ್ರೀಯರಾಗಿ ನಿಂತಿವೆ. ನ್ಯಾಯದ ಕಣ್ಣಿಗೆ ಬಟ್ಟೆ, ಕೈಯಲ್ಲಿ ತಕ್ಕಡಿ. ಅವಳ ಕೆಳಗೇ ನೀತಿವಂತನಿಗೆ ಅನ್ಯಾಯದ ತೀರ್ಪಾಗುತ್ತದೆ. ಇದು ಆ ಕಾಲದ ಪಂಡಿತರ ಸಂಕೇತ. ಆದರೆ ಅದನ್ನು ಇಟ್ಟ ಸ್ಥಳವೇ ಅದರ ಅರ್ಥವನ್ನು ಹೇಳಿಬಿಡುತ್ತದೆ. ಮೊದಲು ಅವನು ಜಗಲಿಯ ಮುಂದೆ ದೊಡ್ಡ ಗುಂಪನ್ನು ಬರೆದಿದ್ದನು. ಬಂಟವಾಳದ ಪೇಟೆಯಲ್ಲಿ ಜಗಳ ನೋಡಲು ಸೇರುವಂಥ ಗುಂಪು ಅದು. ಈ ತಗಡನ್ನು ಅವನು ಪುನಃಪುನಃ ತಿದ್ದಿದನು. ಅದರ ಎಂಟು ಹಂತಗಳು ಉಳಿದಿವೆ. ಕಡೇ ಹಂತಗಳಲ್ಲಿ ಮುಂದಿನ ಗುಂಪನ್ನೆಲ್ಲಾ ಕೆರೆದು ತೆಗೆದುಬಿಟ್ಟನು. ಈಗ ಜಗಲಿಯ ಮುಂದೆ ಯಾರೂ ಇಲ್ಲ, ನೋಡುವವನೇ ಇದ್ದಾನೆ. ಬರಬ್ಬನು ಬೇಕೋ ಯೇಸು ಬೇಕೋ ಎಂಬ ಪ್ರಶ್ನೆಯು ಚಿತ್ರದೊಳಗಿನವರನ್ನು ಬಿಟ್ಟು ಚಿತ್ರವನ್ನು ಹಿಡಿದವನ ಕಡೆಗೆ ತಿರುಗುತ್ತದೆ.

ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಸಂಗತಿಯನ್ನೂ ಹೇಳಬೇಕು. ೧೫೮೦ರಲ್ಲಿ ಜೆಸುಯಿತ ಪಾದ್ರಿಗಳು ಅಕ್ಬರ್ ಬಾದಶಹನಿಗೆ ಯೂರೋಪಿನಲ್ಲಿ ಅಚ್ಚಾದ, ಚಿತ್ರಗಳುಳ್ಳ ಸತ್ಯವೇದವನ್ನು ಒಪ್ಪಿಸಿದರು. ಅವನ ಆಸ್ಥಾನದ ಚಿತ್ರಗಾರರು ಅಂಥ ಅಚ್ಚುಚಿತ್ರಗಳನ್ನು ನೋಡಿ ಬರೆದುಕೊಂಡರು. ಎರಡು ತಲೆಗಳಾದ ಮೇಲೆ ಇನ್ನೊಂದು ಪ್ರಯಾಣವು ಹಿಂದುಮುಂದಾಗಿ ನಡೆಯಿತು. ಹಾಲೆಂಡಿನವರು ೧೬೦೨ರಲ್ಲಿ ಕಟ್ಟಿದ ವ್ಯಾಪಾರದ ಸಂಘದ ಹಡಗುಗಳು ನಮ್ಮ ದೇಶದ ಸರಕುಗಳೊಂದಿಗೆ ಮೊಗಲ್ ಚಿತ್ರಗಳನ್ನೂ ಒಯ್ದವು. ರೆಂಬ್ರಾಂಟನು ಅವುಗಳನ್ನು ನೋಡಿ ತನ್ನ ಕೈಯಿಂದ ಬರೆದುಕೊಂಡ ಇಪ್ಪತ್ತಕ್ಕೆ ಮಿಕ್ಕಿದ ಹಾಳೆಗಳು ಈಗಲೂ ಉಳಿದಿವೆ. ಅವುಗಳಲ್ಲೊಂದರಲ್ಲಿ ನಾಲ್ವರು ಮುದುಕರಾದ ಮುಸಲ್ಮಾನ ಗುರುಗಳು ಮರದ ಕೆಳಗೆ ನೆಲದ ಮೇಲೆ ಕುಳಿತಿದ್ದಾರೆ.

೧೬೫೬ರಲ್ಲಿ ಅವನು ಅಬ್ರಹಾಮನು ಮೂವರು ಅತಿಥಿಗಳನ್ನು ಸತ್ಕರಿಸಿದ ಕಥೆಯನ್ನು ಸಣ್ಣ ತಗಡಿನಲ್ಲಿ ಬರೆಯುವಾಗ ಆ ಭಾರತದ ಚಿತ್ರವನ್ನು ಮಾದರಿಯಾಗಿಟ್ಟುಕೊಂಡನು. ಯೂರೋಪಿನ ಬೇರೆ ಚಿತ್ರಗಾರರು ಅತಿಥಿಗಳನ್ನು ಮೇಜಿನ ಮುಂದೆ ಕೂಡ್ರಿಸುತ್ತಿದ್ದರು. ಇವನಾದರೋ ನಮ್ಮ ಹಳ್ಳಿಯವರು ಚ್ಯಾವಡಿಯಲ್ಲಿ ಕೂಡ್ರುವಂತೆ ಅವರನ್ನು ನೆಲದ ಮೇಲೆ ಹಾಸಿಗೆಯಲ್ಲಿ ಕೂಡ್ರಿಸಿದನು. ಅಬ್ರಹಾಮನು ಪಾತ್ರೆಯನ್ನು ಹಿಡಿದು ಬೊಗ್ಗಿ ನಿಂತಿದ್ದಾನೆ. ಸಾರಳು ಬಾಗಲ ಮರೆಯಿಂದ ಕೇಳುತ್ತಾಳೆ. ಬಾಲಕನಾದ ಇಷ್ಮಾಯೇಲನು ಬೆನ್ನು ತಿರುಗಿಸಿ ಬಿಲ್ಲಾಟದಲ್ಲಿದ್ದಾನೆ. ಸತ್ಯವೇದವು ಯೂರೋಪಿನವರ ಪುಸ್ತಕವೆಂದು ನಮ್ಮ ನೆರೆಯವರು ಕೆಲವು ಸಾರಿ ಹೇಳುತ್ತಾರೆ. ಆ ಪುಸ್ತಕದ ಹಿರಿಯರು ಹೇಗೆ ಕುಳಿತರೆಂಬದನ್ನು ತಿಳಿಯುವದಕ್ಕೆ ಹಾಲೆಂಡಿನ ಈ ಶ್ರೇಷ್ಠ ಚಿತ್ರಗಾರನು ನಮ್ಮ ದೇಶದವರ ಚಿತ್ರವನ್ನು ನೋಡಬೇಕಾಯಿತು.

ಅದೇ ೧೬೫೬ರಲ್ಲಿ ಸಾಲವು ಅವನನ್ನು ಕೆಡವಿತು. ಅವನು ತನ್ನ ಸೊತ್ತನ್ನೆಲ್ಲಾ ಸಾಲಗಾರರಿಗೆ ಒಪ್ಪಿಸಿದನು. ಅಧಿಕಾರಿಗಳು ಮನೆಗೆ ಬಂದು ಕೋಣೆಕೋಣೆಯಾಗಿ ಪಟ್ಟಿ ಬರೆದರು. ಅದರಲ್ಲಿ ೩೬೩ ಬಾಬುಗಳಿವೆ. ಪುಸ್ತಕಗಳು ಸ್ವಲ್ಪವೇ ಇದ್ದವು. ಅವುಗಳಲ್ಲೊಂದು ಹಳೇ ಸತ್ಯವೇದ. ಹರಾಜಿನಲ್ಲಿ ಎಲ್ಲವೂ ಹೋಯಿತು. ೧೬೫೮ರಲ್ಲಿ ಮನೆಯು ಕೊಂಡುದಕ್ಕಿಂತ ಕಡಿಮೆ ಕ್ರಯಕ್ಕೆ ಮಾರಲ್ಪಟ್ಟಿತು. ಅವನು ಹೆಂಡ್ರಿಕ್ಯೆಯನ್ನೂ ಮಕ್ಕಳನ್ನೂ ಕರಕೊಂಡು ಬಡವರ ಕೇರಿಯ ಬಾಡಿಗೆ ಮನೆಗೆ ಹೋದನು. ಸಾಲಗಾರರ ಕೈಗೆ ಅವನ ಸಂಪಾದನೆಯೆಲ್ಲಾ ಹೋಗದ ಹಾಗೆ ಹೆಂಡ್ರಿಕ್ಯೆಯೂ ತೀತನೂ ೧೬೬೦ರಲ್ಲಿ ಪಾಲುಗಾರಿಕೆಯನ್ನು ಮಾಡಿಕೊಂಡು ಅವನನ್ನು ಪೋಷಿಸಿದರು. ೧೬೬೧ರ ತರುವಾಯ ತಾಮ್ರದ ಕೆಲಸವು ಹೆಚ್ಚುಕಡಿಮೆ ನಿಂತೇಹೋಯಿತು. ೧೬೬೩ರಲ್ಲಿ ಹೆಂಡ್ರಿಕ್ಯೆಯೂ, ೧೬೬೮ರಲ್ಲಿ ಮದುವೆಯಾಗಿ ಕೆಲವೇ ತಿಂಗಳಾದ ತೀತನೂ ತೀರಿಹೋದರು.

ಕಡೇ ದಿನಗಳಲ್ಲಿ ಅವನು ತಪ್ಪಿಹೋದ ಮಗನ ಕಥೆಗೆ ಪುನಃ ಬಂದನು. ಈ ಸಾರಿ ಎಣ್ಣೆಬಣ್ಣದಲ್ಲಿ. ಆ ದೊಡ್ಡ ಚಿತ್ರವು ಇಂದು ರಷ್ಯ ದೇಶದ ಸಂತ ಪೀಟರ್ಸ್‌ಬರ್ಗಿನಲ್ಲಿದೆ. ಮೂವತ್ತು ವರುಷಗಳ ಹಿಂದಿನ ತಾಮ್ರದಚ್ಚಿನಲ್ಲಿದ್ದ ಗಡಿಬಿಡಿಯು ಇಲ್ಲಿ ಇಲ್ಲ. ಮಗನ ಬೆನ್ನ ಮೇಲೆ ತಂದೆಯ ಎರಡು ಕೈಗಳಿವೆ, ಅಷ್ಟೇ. ೧೬೬೯ನೇ ಅಕ್ಟೋಬರ್ ೪ರಂದು ರೆಂಬ್ರಾಂಟನು ಸತ್ತನು. ಆಮ್‌ಸ್ಟರ್‌ಡಾಮಿನ ಪಶ್ಚಿಮ ದೇವಾಲಯದಲ್ಲಿ ಬಾಡಿಗೆಯ ಸಮಾಧಿಯಲ್ಲಿ ಅವನನ್ನು ಹೂಣಿಟ್ಟರು. ಸ್ಥಳವನ್ನು ತೋರಿಸುವ ಕಲ್ಲು ಉಳಿಯಲಿಲ್ಲ. ಆದರೆ ಅವನ ಸುಮಾರು ೩೦೦ ಅಚ್ಚುಚಿತ್ರಗಳು ಲೋಕದ ಮ್ಯೂಸಿಯಮುಗಳಲ್ಲಿ ಕಾಪಾಡಲ್ಪಟ್ಟಿವೆ. ಅವನು ಕಳಕೊಂಡ ಆ ದೊಡ್ಡ ಮನೆಯೂ ೧೯೧೧ರಿಂದ ಅವನ ಹೆಸರಿನ ಮ್ಯೂಸಿಯಮಾಗಿದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೂರ್ತಿಯು ನೋಡುವವನ ಎದುರಿಗೆ ನಿಂತು ಪೂಜೆಯನ್ನು ಬಯಸುತ್ತದೆ. ರೆಂಬ್ರಾಂಟನ ಚಿತ್ರವಾದರೋ ನೋಡುವವನನ್ನು ಕಥೆಯೊಳಗೆ ಕರೆದು, ನೀನು ಇಲ್ಲಿ ಯಾರೆಂದು ಕೇಳುತ್ತದೆ: ತರ್ಕಮಾಡುವ ಫರಿಸಾಯನೋ, ಗಲ್ಲಕ್ಕೆ ಕೈಯಿಟ್ಟ ಐಶ್ವರ್ಯವಂತನೋ, ನೆರಳಿನಿಂದ ಮುಟ್ಟುವ ರೋಗಿಯೋ? ಇಂಥ ಚಿತ್ರಕ್ಕೆ ಮಾಲೆ ಹಾಕಿದರೆ ಅದರ ಬಾಯಿ ಮುಚ್ಚಿದಂತಾಗುವದು. ವಯಸ್ಸೂ ಕಷ್ಟವೂ ಹೆಚ್ಚಿದಂತೆ ಅವನು ಪಂಡಿತರ ಗುರುತುಗಳನ್ನು ಕಡಿಮೆಮಾಡಿ, ಕೂಲಿಯವನೂ ಓದಬಲ್ಲ ಗುರುತುಗಳನ್ನು ಉಳಿಸಿಕೊಂಡನು: ಬೆಳಕು, ಕತ್ತಲೆ, ಕೈ, ನೆರಳು, ಬಾಗಲು. ಅವನ ನಡತೆಯನ್ನು ನಾವು ಮಾದರಿಯಾಗಿಡುವದಿಲ್ಲ. ಅವನ ಕಣ್ಣನ್ನು ಎರವಲು ತಕ್ಕೊಳ್ಳಬಹುದು.

ಆದದರಿಂದ, ಪ್ರಿಯರೇ, ನಿಮ್ಮ ಮನೆಯಲ್ಲಿ ಸತ್ಯವೇದದ ಚಿತ್ರವೊಂದು ಇದ್ದರೆ ಅದನ್ನು ತೆಗೆದುಹಾಕಬೇಕೆಂದು ನಾವು ಹೇಳುವದಿಲ್ಲ. ಸಾಯಂಕಾಲದ ಪ್ರಾರ್ಥನೆಯ ಸಮಯದಲ್ಲಿ ಅದನ್ನು ಗೋಡೆಯಿಂದ ಇಳಿಸಿ ಮಕ್ಕಳ ನಡುವೆ ಇಡಿರಿ. ಅದು ಯಾವ ಅಧ್ಯಾಯದ ಸಂಗತಿಯೋ ಆ ಅಧ್ಯಾಯವನ್ನು ಒಬ್ಬರು ಓದಲಿ. ಬೆಳಕು ಎಲ್ಲಿಂದ ಬರುತ್ತದೆ, ಯಾರ ಮೇಲೆ ಬೀಳುತ್ತದೆ, ಯಾರು ಬೆನ್ನು ತಿರುಗಿಸಿದ್ದಾರೆ ಎಂದು ಮಕ್ಕಳನ್ನು ಕೇಳಿರಿ. ಕಡೆಗೆ, ಈ ಗುಂಪಿನಲ್ಲಿ ನಮ್ಮ ಸ್ಥಳ ಯಾವದೆಂದು ಮನೆಯ ಹಿರಿಯರು ತಮ್ಮನ್ನೇ ಕೇಳಿಕೊಳ್ಳಲಿ. ಆ ಮೇಲೆ ಚಿತ್ರವನ್ನು ಮೊಳೆಗೆ ತೂಗಹಾಕಿ ದೀಪವನ್ನು ಊಟದ ಎಲೆಯ ಬಳಿಗೆ ಒಯ್ಯಿರಿ.